ನೋವು ಕಳೆಯುವ ವಿದ್ಯುತ್ ಪೆಟ್ಟಿಗೆಯೂ ಅದರ ನಕಲುಗಳೂ

(ನಮ್ಮ ಸಂಘದ ಉಚಿತ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ಸಾಮಾನ್ಯವಾಗಿ ಕಾವ್ಯ, ಪುರಾಣ, ಪ್ರವಾಸ ಇವುಗಳ ಮಾತು ನಡೆಯುವುದು ವಾಡಿಕೆ. ಈ ದಿನ ನಾವು ಆರಿಸಿಕೊಂಡಿರುವ ವಿಷಯ ಒಂದು ಪೆಟ್ಟಿಗೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರಿಂದ ನಾಲ್ಕು ತಂತಿ, ತಂತಿಯ ತುದಿಗೆ ಅಂಟುವ ಪಟ್ಟಿ. ಮಂಡಿ ನೋವು, ಸೊಂಟ ನೋವು, ಭುಜ ಹಿಡಿದುಕೊಂಡಿರುವುದು ಇಂಥ ತೊಂದರೆಗಳಿರುವವರು ಇದನ್ನು ಹಚ್ಚಿಕೊಂಡು ಕೂರುತ್ತಾರೆ. ವೈದ್ಯರ ಬಾಯಲ್ಲಿ ಇದಕ್ಕೆ ಟೆನ್ಸ್ ಎಂದೂ ಮಸಲ್ ಸ್ಟಿಮ್ಯುಲೇಟರ್ ಎಂದೂ ಹೆಸರು. ನಮ್ಮ ಸಂಘದ ಮನೆಗಳಲ್ಲಿ ಇದಕ್ಕೆ ‘ಕರೆಂಟು ಡಬ್ಬಿ’ ಎಂಬ ಹೆಸರೇ ನಿಂತುಹೋಗಿದೆ. ಇಲ್ಲಿ ಕುಳಿತಿರುವವರಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಈ ಡಬ್ಬಿ ಇದೆಯೆಂದು ಕೇಳಿದರೆ ಅರ್ಧಕ್ಕರ್ಧ ಕೈಗಳು ಏಳಬಹುದು. ನಮಗೆಲ್ಲ ವಯಸ್ಸಾಗುತ್ತಿದೆಯಷ್ಟೆ.

ನಾವು ಬಹುಕಾಲ ಉಪಕರಣಗಳ ದುರಸ್ತಿಯಲ್ಲೇ ಕೈ ಕಪ್ಪು ಮಾಡಿಕೊಂಡವರು. ಆ ಪರಿಚಯದಿಂದ ಸಂಘದ ಸದಸ್ಯರು ಕೆಟ್ಟುಹೋದ ಡಬ್ಬಿಗಳನ್ನು ನಮ್ಮ ಹತ್ತಿರ ತರುತ್ತಾರೆ. ಬಿಚ್ಚಿ ನೋಡಿದಾಗ ಅವುಗಳಲ್ಲಿ ಹೆಚ್ಚಿನವು ನಕಲು. ಹೊರಗೆ ಮೂಲದ ಡಬ್ಬಿಯಂತೆಯೇ ಮಾಟ, ಅದೇ ಬಣ್ಣ, ಅದೇ ಗುಂಡಿಗಳು. ಒಳಗೆ ಬೇರೆಯದೇ ಸಂಸಾರ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತೆಂಬ ಗಾದೆ ನಮ್ಮಲ್ಲಿ ಇದೆಯಲ್ಲ; ಇಲ್ಲಿ ಬರೆ ಬೀಳುವುದು ನರಿಯ ಮೈಮೇಲಲ್ಲ, ಕೊಂಡವರ ಮೈಮೇಲೆ.

ಈ ಮಾತನ್ನು ಬಿಬಿಡಿ ಬಾಗಿನಲ್ಲಿ ನಿಂತು ಆಡುವುದಕ್ಕೆ ಒಂದು ಔಚಿತ್ಯವೂ ಇದೆ. ಲಾಲ್ ದೀಘಿಯ ಆಗ್ನೇಯ ಮೂಲೆಯಲ್ಲಿ ಡೆಡ್ ಲೆಟರ್ ಆಫೀಸ್ ಎಂದು ಜನ ಕರೆಯುವ ಹಳೆಯ ತಂತಿ ಕಚೇರಿಯ ಗೋಪುರವನ್ನು ನೀವು ದಿನವೂ ನೋಡುತ್ತೀರಿ. ಭಾರತದಲ್ಲಿ ತಂತಿಯನ್ನು ತಂದ ವಿಲಿಯಂ ಓಶಾನೆಸ್ಸಿ ವೃತ್ತಿಯಿಂದ ವೈದ್ಯ, ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ. ಆತ 1839ರಲ್ಲಿ ಹೂಗ್ಲಿಯ ದಡದ ಸಸ್ಯೋದ್ಯಾನದಲ್ಲಿ ತಂತಿ ಎಳೆದು ಪ್ರಯೋಗ ನಡೆಸಿದಾಗ, ಆಚೆ ತುದಿಯವನು ಸಂಕೇತವನ್ನು ಕಣ್ಣಿನಿಂದ ಓದಲಿಲ್ಲ. ಬೆರಳಿಗೆ ತಾಗುವ ಸಣ್ಣ ಸಣ್ಣ ವಿದ್ಯುದಾಘಾತಗಳಿಂದ ಗುರುತಿಸಿದನು. ಮನುಷ್ಯನ ನರವೇ ಅಲ್ಲಿ ಯಂತ್ರದ ಭಾಗ. 1851ರ ಹೊತ್ತಿಗೆ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರ್‌ವರೆಗೆ ತಂತಿ ಬಂತು. ಮುಂದೆ ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಸ್ನಾಯು, ಸಸ್ಯ, ಲೋಹ ಮೂರಕ್ಕೂ ವಿದ್ಯುತ್ತಿನ ಪ್ರಚೋದನೆ ಕೊಟ್ಟು ಅವುಗಳ ಪ್ರತಿಕ್ರಿಯೆಯನ್ನು ಅಳೆದರು; 1902ರಲ್ಲಿ ಅದರ ಮೇಲೆ ಪುಸ್ತಕ ಬರೆದರು. ಅದೇ 1902ರಲ್ಲಿ ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಇದು ಕನ್ನಡಿಗರ ಸಭೆಯಲ್ಲಿ ಹೇಳದೆ ಬಿಡಲಾಗದ ಮಾತಾದ್ದರಿಂದ ಹೇಳಿದೆವು.

ಈಗ ಚೌಕದಿಂದ ಲಾಲ್‌ಬಜಾರದ ಕಡೆಗೆ ನಾಲ್ಕು ಹೆಜ್ಜೆ ಹಾಕಿದರೆ ಎಜ್ರಾ ಸ್ಟ್ರೀಟ್. ದೀಪ, ತಂತಿ, ಸ್ವಿಚ್ಚು, ಟ್ರಾನ್ಸ್‌ಫಾರ್ಮರುಗಳ ಸಗಟು ಪೇಟೆ. ಇನ್ನೂ ಸ್ವಲ್ಪ ದೂರ ಹೋದರೆ ಚಾಂದನಿಯ ಪೇಟೆ. ಅಲ್ಲಿ ಬೇಡಿದ ಚಿಪ್, ಬೇಡಿದ ರೆಸಿಸ್ಟರು. ಅಲ್ಲಿನ ಮಿಸ್ತ್ರಿಗಳ ಕೈಚಳಕವನ್ನು ನಾವು ಹೊಗಳಲೇಬೇಕು. ತಯಾರಕರೇ ಕೈಬಿಟ್ಟ ಹಳೆಯ ಯಂತ್ರಗಳನ್ನು ಅವರು ಬದುಕಿಸಿದ್ದನ್ನು ಕಂಡಿದ್ದೇವೆ. ಆದ್ದರಿಂದ ನಕಲು ಮಾಡುವುದೇ ಪಾಪ ಎಂಬ ವಾದ ನಮ್ಮದಲ್ಲ. ಪಿಂಚಣಿಯಲ್ಲಿ ಬದುಕುವವರಿಗೆ ಮೂಲದ ಡಬ್ಬಿಯ ಬೆಲೆ ದುಬಾರಿ. ಅಗ್ಗದ ಡಬ್ಬಿ ಬೇಕು. ಅಗ್ಗವಾದದ್ದು ಅಪಾಯವಾಗಿಯೇ ಇರಬೇಕೆಂಬ ನಿಯಮವೇನೂ ಇಲ್ಲ. ಹಾಗಿದ್ದೂ ಅದು ಅಪಾಯಕ್ಕೆ ತಿರುಗುವುದು ಹೇಗೆ ಎಂಬುದೇ ಈ ದಿನದ ಮಾತು.

ಮೊದಲು ಡಬ್ಬಿಯ ಕೆಲಸವೇನೆಂದು ತಿಳಿಯೋಣ. ವಿದ್ಯುತ್ತಿನಿಂದ ನೋವು ಕಳೆಯುವುದು ಹೊಸ ಸಂಗತಿಯಲ್ಲ. ಮೊದಲನೆಯ ಶತಮಾನದ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೂ ಕಾಲಿನ ವಾತಕ್ಕೂ ವಿದ್ಯುತ್ ಮೀನನ್ನು ತಾಗಿಸುವಂತೆ ಬರೆದಿಟ್ಟಿದ್ದಾನೆ. ಆದರೆ ಅದಕ್ಕೊಂದು ಶಾಸ್ತ್ರದ ನೆಲೆ ಸಿಕ್ಕಿದ್ದು 1965ರಲ್ಲಿ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲು ಇದೆಯೆಂದೂ, ಸ್ಪರ್ಶವನ್ನು ಒಯ್ಯುವ ದಪ್ಪ ನರಗಳನ್ನು ಕೆರಳಿಸಿದರೆ ಆ ಬಾಗಿಲು ಸ್ವಲ್ಪ ಮುಚ್ಚಿಕೊಳ್ಳುತ್ತದೆಂದೂ ಸೂಚಿಸಿದರು. ಮಗು ಬಿದ್ದಾಗ ತಾಯಿ ಆ ಜಾಗವನ್ನು ಉಜ್ಜುತ್ತಾಳಲ್ಲ, ಹೆಚ್ಚುಕಡಮೆ ಅದೇ ಕೆಲಸವನ್ನು ಈ ಡಬ್ಬಿ ತಂತಿಯ ಮೂಲಕ ಮಾಡುತ್ತದೆ. ಇದು ಸವೆದ ಮಂಡಿಯನ್ನು ಸರಿಪಡಿಸುವುದಿಲ್ಲ. ಹಚ್ಚಿಕೊಂಡಿರುವಷ್ಟು ಹೊತ್ತು, ಕೆಲವರಿಗೆ ಅದರ ಮೇಲೆ ಇನ್ನಷ್ಟು ಹೊತ್ತು, ಉಪಶಮನ. ಕೆಲವರಿಗೆ ಏನೂ ಇಲ್ಲ. ಇದಕ್ಕಿಂತ ಹೆಚ್ಚು ಹೇಳುವ ಜಾಹೀರಾತನ್ನು ನಂಬಬೇಡಿರಿ.

ನರವನ್ನು ಕೆರಳಿಸಲು ಬೇಕಾದದ್ದು ಅತಿ ಚಿಕ್ಕ ಮಿಡಿತ. ಒಂದೊಂದು ಮಿಡಿತ 50ರಿಂದ 250 ಮೈಕ್ರೋಸೆಕೆಂಡು, ಎಂದರೆ ಸೆಕೆಂಡಿನ ಹತ್ತು ಲಕ್ಷದ ಪಾಲುಗಳಲ್ಲಿ ಅಷ್ಟು. ಸೆಕೆಂಡಿಗೆ ಕೆಲವೇ ಮಿಡಿತಗಳಿಂದ ಹಿಡಿದು ನೂರರ ಆಸುಪಾಸಿನವರೆಗೆ. ಮಿಡಿತದ ತುದಿಯಲ್ಲಿ ಪ್ರವಾಹ 80 ಮಿಲಿಆಂಪಿಯರು ಮುಟ್ಟಿದರೂ ಅದು ಎಷ್ಟು ಕ್ಷಣಿಕವೆಂದರೆ ಸರಾಸರಿ ತೆಗೆದಾಗ ಎರಡು ಮಿಲಿಆಂಪಿಯರಿನಷ್ಟೇ. ಗೋಡೆಯ ವಿದ್ಯುತ್ತಿನ ಪ್ರವಾಹವಾದರೋ ಒಂದು ಕೈಯಿಂದ ಇನ್ನೊಂದು ಕೈಗೆ 50 ಮಿಲಿಆಂಪಿಯರಿನ ಆಸುಪಾಸು ಒಂದೆರಡು ಸೆಕೆಂಡು ಹರಿದರೂ ಹೃದಯದ ಬಡಿತ ಹದಗೆಡಬಹುದು. ಸಂಖ್ಯೆಗಳು ಹತ್ತಿರ ಹತ್ತಿರ ಕಾಣುತ್ತವೆ. ಮದ್ದಿಗೂ ಮರಣಕ್ಕೂ ಇರುವ ಅಂತರವೆಲ್ಲ ಆ ಮಿಡಿತ ಎಷ್ಟು ಚಿಕ್ಕದು, ಯಾವ ದಾರಿಯಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿದೆ. ಅದನ್ನು ಕಾಯುವ ಕೆಲಸ ಡಬ್ಬಿಯೊಳಗಿನ ಕೆಲವು ಪುಟ್ಟ ಭಾಗಗಳದ್ದು. ನಕಲು ಮಾಡುವವನು ಮೊದಲು ಕಿತ್ತುಹಾಕುವುದು ಅವನ್ನೇ.

ಏಕೆಂದರೆ ಅವು ಇಲ್ಲದಿದ್ದರೂ ಡಬ್ಬಿ ನಡೆಯುತ್ತದೆ! ಅಮೆರಿಕದಲ್ಲಿ 1950ರ ಸುಮಾರಿಗೆ ಅಗ್ಗದ ಟೆಲಿವಿಷನ್ನುಗಳನ್ನು ಮಾಡಿ ಮಾರುತ್ತಿದ್ದ ಅರ್ಲ್ ಮಂಟ್ಸ್ ಎಂಬಾತನ ಕತೆ ಪ್ರಸಿದ್ಧವಾಗಿದೆ. ಆತ ಕತ್ತರಿಕೊರಡು ಹಿಡಿದು ತಿರುಗುತ್ತ ಒಂದೊಂದೇ ಭಾಗವನ್ನು ಕತ್ತರಿಸುವುದು. ಚಿತ್ರ ಅಳಿಸಿಹೋದಾಗ, ‘ಇದೊಂದು ಬೇಕಾಗಿತ್ತು’ ಎಂದು ಕೊನೆಯದನ್ನು ಮಾತ್ರ ಹಿಂದಕ್ಕೆ ಹಾಕಿಸುವುದು. ಎಂಜಿನಿಯರುಗಳ ಮಾತಿನಲ್ಲಿ ಈ ಪದ್ಧತಿಗೆ ಆತನ ಹೆಸರೇ ಅಂಟಿಕೊಂಡಿದೆ. ಟೆಲಿವಿಷನ್ನಿನಲ್ಲಿ ಇದು ನಡೆದೀತು; ಹೆಚ್ಚೆಂದರೆ ದೂರದ ಊರಿನ ಚಿತ್ರ ಮಸುಕಾಗುತ್ತದೆ. ಮನುಷ್ಯನ ಮೈಗೆ ಹಚ್ಚುವ ಡಬ್ಬಿಯಲ್ಲಿ ಮಾತ್ರ ಕಾವಲುಗಾರನಿಗೂ ಕೂಲಿಯವನಿಗೂ ವ್ಯತ್ಯಾಸವಿದೆ. ಕಾವಲುಗಾರ ದಿನವೂ ಕೆಲಸ ಮಾಡುತ್ತಿರುವಂತೆ ಕಾಣುವುದಿಲ್ಲ; ಕಳ್ಳ ಬಂದ ರಾತ್ರಿ ಅವನು ಬೇಕು.

ನಾವು ಕಂಡ ದೋಷಗಳಲ್ಲಿ ಅತ್ಯಂತ ಘೋರವಾದದ್ದು ಗೋಡೆಯ ವಿದ್ಯುತ್ತಿಗೂ ರೋಗಿಯ ಮೈಗೂ ನಡುವಿನ ಗೋಡೆ ತೆಳುವಾಗಿರುವುದು. ಚಿಕಿತ್ಸಾಲಯಗಳಲ್ಲಿರುವ ದೊಡ್ಡ ಯಂತ್ರಗಳು 230 ವೋಲ್ಟಿನಲ್ಲಿ ನಡೆಯುತ್ತವೆ. ಮನೆಯ ಡಬ್ಬಿಗಳು ಈಗೀಗ ಮೊಬೈಲಿನ ಚಾರ್ಜರಿನಂಥ ಅಡಾಪ್ಟರಿನಿಂದ ಶಕ್ತಿ ತುಂಬಿಕೊಳ್ಳುತ್ತವೆ. ಎರಡರಲ್ಲಿಯೂ ಒಂದು ಟ್ರಾನ್ಸ್‌ಫಾರ್ಮರು ಇದೆ. ಅದರ ಎರಡು ಸುರುಳಿಗಳ ನಡುವೆ ತಂತಿಯ ಸಂಬಂಧವಿಲ್ಲ. ಕಾಂತಶಕ್ತಿಯಿಂದ ಮಾತ್ರ ಶಕ್ತಿ ದಾಟುತ್ತದೆ. ಒಳ್ಳೆಯ ಯಂತ್ರದಲ್ಲಿ ಈ ಸುರುಳಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಸುತ್ತುತ್ತಾರೆ, ಇಲ್ಲವೇ ನಡುವೆ ಹಲವು ಪದರದ ನಿರೋಧಕ ಟೇಪನ್ನು ಹಾಕುತ್ತಾರೆ. ರೋಗಿಗೆ ತಾಗುವ ಉಪಕರಣಗಳ ಅಂತರರಾಷ್ಟ್ರೀಯ ಮಾನಕದ ಪ್ರಕಾರ, ನಮ್ಮ ಗೋಡೆಯ ವೋಲ್ಟೇಜಿಗೆ, ಹಲಗೆಯ ಮೇಲೆ ಎರಡು ಬದಿಗಳ ನಡುವೆ 8 ಮಿಲಿಮೀಟರು ಅಂತರವಿರಬೇಕು. 4,000 ವೋಲ್ಟು ಹೇರಿದರೂ ನಿರೋಧ ಒಡೆಯಬಾರದು. ನಾವು ಬಿಚ್ಚಿದ ಒಂದು ನಕಲು ಅಡಾಪ್ಟರಿನಲ್ಲಿ ಒಂದೇ ಸುತ್ತು ಹಳದಿ ಟೇಪು. ಹಲಗೆಯ ಮೇಲೆ ಎರಡು ಬದಿಯ ತಾಮ್ರದ ಗೆರೆಗಳು ಅಕ್ಕಿಕಾಳಿನ ದಪ್ಪದಷ್ಟು ಅಂತರದಲ್ಲಿ ಅಕ್ಕಪಕ್ಕ ಓಡುತ್ತಿದ್ದವು. ಮೂಲದ ಹಲಗೆಯಲ್ಲಿ ಈ ಜಾಗದಲ್ಲಿ ಒಂದು ಉದ್ದ ಸೀಳು ಕೊರೆದಿರುತ್ತಾರೆ, ಧೂಳು ಕೂತು ದಾರಿಯಾಗದಿರಲೆಂದು. ನಕಲು ಮಾಡಿದವನಿಗೆ ಆ ಸೀಳು ಬರಿಯ ತೂತಾಗಿ ಕಂಡಿತು. ಕೊರೆಯುವ ಖರ್ಚು ಉಳಿಯಿತು.

ಇದಕ್ಕೆ ನಮ್ಮ ಊರಿನ ಹವೆಯೂ ಸೇರಿಕೊಳ್ಳುತ್ತದೆ. ಆಷಾಢ ಶ್ರಾವಣಗಳಲ್ಲಿ ಇಲ್ಲಿ ಉಪ್ಪಿನ ಡಬ್ಬಿಯಲ್ಲಿ ಉಪ್ಪು ನೀರಾಗುವುದನ್ನು ಮನೆಯ ಹೆಂಗಸರು ಬಲ್ಲರು. ಆ ತೇವ ಹಲಗೆಯ ಧೂಳಿನ ಮೇಲೆ ಕುಳಿತರೆ, ಒಣ ಹವೆಯಲ್ಲಿ ಹೇಗೋ ನಡೆಯುತ್ತಿದ್ದ ಅಂತರ ಇಲ್ಲಿ ಸಾಲದಾಗುತ್ತದೆ. ಮೈಗೆ ಪಟ್ಟಿ ಅಂಟಿಸಿಕೊಂಡು, ಅದೇ ಹೊತ್ತಿಗೆ ಡಬ್ಬಿಯನ್ನು ಚಾರ್ಜಿಗೂ ಹಾಕಿ ಕುಳಿತವನಿಗೂ ಗೋಡೆಯ ವಿದ್ಯುತ್ತಿಗೂ ನಡುವೆ ಉಳಿದಿರುವುದು ಆ ಒಂದು ಸುತ್ತು ಟೇಪು. ಒಳ್ಳೆಯ ಡಬ್ಬಿಗಳಲ್ಲಿ ಚಾರ್ಜಿನ ತಂತಿ ಸಿಕ್ಕಿಸಿದ ಕೂಡಲೇ ಮೈಗೆ ಹೋಗುವ ದಾರಿ ತಾನೇ ಕಡಿದುಹೋಗುವ ಏರ್ಪಾಡಿದೆ. ನಕಲಿನಲ್ಲಿ ಅದನ್ನು ನಾವು ಅಪರೂಪಕ್ಕೆ ಕಂಡಿದ್ದೇವೆ.

ಎರಡನೆಯ ದೋಷ ಹೆಚ್ಚು ಸೂಕ್ಷ್ಮ, ಕೊಲ್ಲುವುದಿಲ್ಲ, ಸುಡುತ್ತದೆ. ಒಳ್ಳೆಯ ಡಬ್ಬಿಯ ಮಿಡಿತ ಒಮ್ಮೆ ಒಂದು ದಿಕ್ಕಿಗೆ ಹರಿದರೆ ಮರುಕ್ಷಣ ಅಷ್ಟೇ ವಿದ್ಯುತ್ತು ಎದುರು ದಿಕ್ಕಿಗೆ ಹರಿಯುತ್ತದೆ, ಲೆಕ್ಕ ಚುಕ್ತಾ. ಮೈಗೆ ಹೋಗುವ ತಂತಿಗೆ ಸಣ್ಣ ಟ್ರಾನ್ಸ್‌ಫಾರ್ಮರನ್ನೋ ಕೆಪಾಸಿಟರನ್ನೋ ಅಡ್ಡ ಇಟ್ಟರೆ ಏಕಮುಖ ಪ್ರವಾಹ ದಾಟುವುದಿಲ್ಲ. ನಕಲು ಮಾಡುವವನು ಟ್ರಾನ್ಸ್‌ಫಾರ್ಮರನ್ನು ಬಿಟ್ಟು, ಅಗ್ಗದ ಸುರುಳಿಯಿಂದ ವೋಲ್ಟೇಜು ಏರಿಸಿ, ಒಂದೇ ಟ್ರಾನ್ಸಿಸ್ಟರಿನಿಂದ ಒಂದೇ ದಿಕ್ಕಿಗೆ ತಳ್ಳುತ್ತಾನೆ. ಚುಟುಚುಟು ಎನ್ನುವುದು ಮೊದಲಿನಂತೆಯೇ ಇದೆ, ಕೊಂಡವರಿಗೆ ಸಂತೋಷ. ಆದರೆ ಏಕಮುಖ ಪ್ರವಾಹ ಬೆವರಿನ ಉಪ್ಪನ್ನು ಒಡೆಯುತ್ತದೆ. ಋಣ ಪಟ್ಟಿಯ ಕೆಳಗೆ ಕ್ಷಾರ, ಧನ ಪಟ್ಟಿಯ ಕೆಳಗೆ ಆಮ್ಲ. ಸುಣ್ಣ ತಾಗಿದಂತೆ ಚರ್ಮ ನಿಧಾನವಾಗಿ ಬೇಯುತ್ತದೆ, ಮೊದಮೊದಲು ನೋಯುವುದೂ ಇಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರಿಗಂತೂ ಪಟ್ಟಿ ಕಿತ್ತ ಮೇಲೆಯೇ ಗೊತ್ತು. ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರಿಗೆ ಕಾಲ ಮೀನಖಂಡದ ಮೇಲೆ ನಾಲ್ಕಾಣೆಯಷ್ಟಗಲದ ಎರಡು ಗಾಯಗಳಾದದ್ದು ಹೀಗೆ. ಒಂದು ಪಟ್ಟಿಯ ಕೆಳಗಿನ ಗಾಯ ಇನ್ನೊಂದರದಕ್ಕಿಂತ ಆಳವಾಗಿತ್ತು. ಅದನ್ನು ಕಂಡೇ ನಮಗೆ ಡಬ್ಬಿ ಬಿಚ್ಚುವ ಮೊದಲೇ ಅನುಮಾನವಾಯಿತು. ಅವರ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು.

ಪಟ್ಟಿಯ ಮಾತೂ ಬಂತು. ಗೋಂದು ಒಣಗಿದ ಪಟ್ಟಿ ಚರ್ಮಕ್ಕೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ಇಡೀ ಅಂಗೈಯಗಲ ಹರಡಬೇಕಾದ ಪ್ರವಾಹ ಗುಂಡುಸೂಜಿಯ ತಲೆಯಷ್ಟು ಜಾಗದಲ್ಲಿ ನುಗ್ಗಿದರೆ ಚುರುಕ್ ಎನ್ನದೆ ಏನು ಮಾಡೀತು? ಪಟ್ಟಿಯ ಚದರ ಸೆಂಟಿಮೀಟರಿಗೆ ಎರಡು ಮಿಲಿಆಂಪಿಯರು ಮೀರುವಂತಿದ್ದರೆ ತಯಾರಕ ಎಚ್ಚರಿಕೆ ಬರೆಯಬೇಕೆಂದು ಮಾನಕ ಹೇಳುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ: ಪಟ್ಟಿ ಒಣಗಿದರೂ ಅದೇ ಪ್ರವಾಹವನ್ನು ಹಟದಿಂದ ತಳ್ಳುವ ಡಬ್ಬಿಗಳು ದುಬಾರಿಯವುಗಳಲ್ಲಿಯೂ ಉಂಟು. ಅವುಗಳಲ್ಲಿ ವೋಲ್ಟೇಜಿಗೆ ಮಿತಿ ಹಾಕಿ, ಪಟ್ಟಿ ಕಳಚಿದರೆ ತಾನೇ ಸೊನ್ನೆಗೆ ಇಳಿಯುವಂತೆ ಮಾಡಿರುತ್ತಾರೆ. ನಕಲಿನವನು ಹಟವನ್ನು ಕಲಿತ, ಮಿತಿಯನ್ನು ಕಲಿಯಲಿಲ್ಲ.

ಇನ್ನು ಗುಂಡಿ. ಪ್ರವಾಹವನ್ನು ಏರಿಸಿ ಇಳಿಸುವ ಗುಂಡಿಯೊಳಗೆ ಇದ್ದಲಿನ ಹಾದಿಯ ಮೇಲೆ ಒಂದು ನಾಲಿಗೆ ಜಾರುತ್ತದೆ. ವರ್ಷ ಕಳೆದ ಮೇಲೆ ನಾಲಿಗೆ ಹಾದಿಯಿಂದ ಒಂದು ಕ್ಷಣ ಎದ್ದುಬಿಡುತ್ತದೆ. ಹಳೆಯ ರೇಡಿಯೋದಲ್ಲಿ ಬರಬರ ಸದ್ದು ಬರುತ್ತಿದ್ದುದು ಇದರಿಂದಲೇ. ಜಾಣ ರಚನೆಯಲ್ಲಿ ನಾಲಿಗೆ ಎದ್ದರೆ ಪ್ರವಾಹ ಸೊನ್ನೆಗೆ ಇಳಿಯುವಂತೆ ಒಂದು ಕಾಸಿನ ರೆಸಿಸ್ಟರನ್ನು ಬೆಸೆದಿರುತ್ತಾರೆ. ಅದಿಲ್ಲದಿದ್ದರೆ ಪ್ರವಾಹ ಪೂರ್ತಿ ಏರಿಬಿಡುತ್ತದೆ. ಕುತ್ತಿಗೆಗೆ ಹಚ್ಚಿಕೊಂಡವರು ಗಡಗಡ ನಡುಗಿ ಎದ್ದುನಿಲ್ಲುತ್ತಾರೆ. ಹಾಗೆಯೇ ಗುಂಡಿ ಸೊನ್ನೆಯಲ್ಲಿದ್ದ ಹೊರತು ಡಬ್ಬಿ ಚಾಲೂ ಆಗಬಾರದು. ನಿನ್ನೆ ಬಿಟ್ಟ ಮಟ್ಟದಲ್ಲೇ ಇಂದು ಥಟ್ಟನೆ ಏಳುವ ನಕಲುಗಳು ಬೇಕಾದಷ್ಟಿವೆ.

ಈಚಿನ ಡಬ್ಬಿಗಳಲ್ಲಿ ಚಿಪ್ ಇದೆ, ಅದರಲ್ಲಿ ಬರೆದಿಟ್ಟ ಕಾರ್ಯಕ್ರಮ ಇದೆ. ನಕಲು ಮಾಡುವವರು ಅದನ್ನೂ ಎತ್ತುತ್ತಾರೆ. ಆದರೆ ಅನೇಕ ಚಿಪ್‌ಗಳಲ್ಲಿ ಕಾರ್ಯಕ್ರಮ ಒಂದು ಕಡೆ, ಕೆಲವು ಆರಂಭದ ನಿಬಂಧನೆಗಳು ಇನ್ನೊಂದು ಕಡೆ. ಬ್ಯಾಟರಿ ಕುಗ್ಗಿದಾಗ ಚಿಪ್ ತಡವರಿಸದೆ ನಿಂತುಬಿಡಬೇಕು ಎಂಬ ನಿಬಂಧನೆ ಅಂಥದ್ದು. ಕತೆಯನ್ನು ನಕಲು ಮಾಡಿ ಈ ಮಾತನ್ನು ಬಿಟ್ಟರೆ, ಬ್ಯಾಟರಿ ಪೂರ್ತಿ ಇರುವಾಗ ಎಲ್ಲ ಸರಿ. ಬ್ಯಾಟರಿ ಬತ್ತಿದ ದಿನ ಚಿಪ್ಪಿನ ಬುದ್ಧಿ ಕೆಟ್ಟು, ಟ್ರಾನ್ಸಿಸ್ಟರನ್ನು ತೆರೆದೇ ಬಿಟ್ಟು ಕುಳಿತುಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರು ಇರುವ ಡಬ್ಬಿಯಲ್ಲಿ ಅದು ಬಿಡುವಾಗ ಒಂದು ಬಲವಾದ ಒದೆತ. ಇಲ್ಲದ ಡಬ್ಬಿಯಲ್ಲಿ ಮೇಲೆ ಹೇಳಿದ ಏಕಮುಖ ಪ್ರವಾಹ, ಅದೂ ಪೂರ್ಣ ಪ್ರಮಾಣದಲ್ಲಿ. ‘ಬ್ಯಾಟರಿ ಹೋಗಿತ್ತು, ಹಾಗಿದ್ದೂ ಹೊಡೆಯಿತು’ ಎಂದು ಸದಸ್ಯರು ಆಶ್ಚರ್ಯಪಡುವುದನ್ನು ಕೇಳಿದ್ದೇವೆ. ಬ್ಯಾಟರಿ ಹೋಗುತ್ತಿದ್ದುದರಿಂದಲೇ ಹೊಡೆದದ್ದು.

ಅಳತೆಯ ಹೊಂದಾಣಿಕೆಯದೂ ಇಂಥದೇ ಕತೆ. ಮೂಲದ ಕಾರ್ಖಾನೆಯಲ್ಲಿ ಪ್ರತಿಯೊಂದು ಡಬ್ಬಿಯನ್ನೂ ಮೇಜಿನ ಮೇಲಿಟ್ಟು, 500 ಓಮಿನ ರೆಸಿಸ್ಟರನ್ನು ಮೈಯ ಬದಲು ಸಿಕ್ಕಿಸಿ, ಪ್ರವಾಹ ಅಳೆದು ಸರಿಪಡಿಸುತ್ತಾರೆ; ಏಕೆಂದರೆ ಒಂದು ಟ್ರಾನ್ಸ್‌ಫಾರ್ಮರಿನಂತೆ ಇನ್ನೊಂದು ಇರುವುದಿಲ್ಲ. ನಕಲಿನವನು ತನ್ನ ಕೈಗೆ ಸಿಕ್ಕಿದ ಒಂದು ಡಬ್ಬಿಯ ಅಂಕಿಗಳನ್ನು ಸಾವಿರ ಡಬ್ಬಿಗಳಿಗೆ ಹಾಕುತ್ತಾನೆ. ಒಬ್ಬನ ಕನ್ನಡಕವನ್ನು ಊರಿಗೆಲ್ಲ ತೊಡಿಸಿದಂತೆ. ಪರದೆಯ ಮೇಲೆ ಐದು ಎಂದು ತೋರಿಸಿದರೆ ಒಂದರಲ್ಲಿ ಅದು ಮೂರು, ಇನ್ನೊಂದರಲ್ಲಿ ಒಂಬತ್ತು. ಆ ಪರದೆಯ ಅಂದವೋ! ನೀಲಿ ಬೆಳಕು, ಓಡುವ ಚಿತ್ರಗಳು. ಒಳಗೆ ಒಂದು ಫ್ಯೂಸು ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ತಂತಿಯ ತುದಿಯ ವಿಷಯವನ್ನು ಮಕ್ಕಳಿರುವ ಮನೆಯವರು ಗಮನಿಸಬೇಕು. ಎರಡು ಮಿಲಿಮೀಟರಿನ ಬೆತ್ತಲೆ ಲೋಹದ ಕಡ್ಡಿಯಿರುವ ತಂತಿಗಳು ಹಳೆಯ ಮಾದರಿ. ಅಮೆರಿಕದ ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ಇಂಥ ಕಡ್ಡಿಗಳು ಗೋಡೆಯ ವಿದ್ಯುತ್ತಿನ ತಂತಿಗೆ ಸೇರಿ ಶಿಶುಗಳು ಸತ್ತ ಮೇಲೆ, 1997ರಲ್ಲಿ ಅಲ್ಲಿನ ಸರಕಾರ ರೋಗಿಯ ಮೈಗೆ ಹೋಗುವ ತಂತಿಗಳಲ್ಲಿ ಬೆತ್ತಲೆ ಕಡ್ಡಿ ಕೂಡದೆಂದು ನಿಯಮ ಮಾಡಿತು. ಆ ಕಡ್ಡಿ ನಮ್ಮ ಮನೆಯ ಎಕ್ಸ್‌ಟೆನ್ಷನ್ ಬೋರ್ಡಿನ ತೂತಿಗೆ ಸಲೀಸಾಗಿ ಇಳಿಯುತ್ತದೆ. ಈಚೆ ತುದಿ ಅಜ್ಜಿಯ ಮಂಡಿಗೆ ಅಂಟಿರುವಾಗ ಆಚೆ ತುದಿಯನ್ನು ಮೊಮ್ಮಗ ಎಲ್ಲಿ ಸಿಕ್ಕಿಸುತ್ತಾನೆಂದು ಬಲ್ಲವರು ಯಾರು? ಪೇಟೆಯಲ್ಲಿ ಮಾತ್ರ ಬೆತ್ತಲೆ ಕಡ್ಡಿಯ ತಂತಿಗಳು ಇಂದೂ ಕಟ್ಟುಕಟ್ಟಾಗಿ ಸಿಗುತ್ತವೆ.

ಮೂಲದ ಡಬ್ಬಿಯೆಲ್ಲ ಸಾಧು, ನಕಲೆಲ್ಲ ದುಷ್ಟ ಎಂದು ತಿಳಿಯಬಾರದು. ರಿಲ್ಯಾಕ್ಸಸೈಜರ್ ಎಂಬ, ಸ್ನಾಯುಗಳಿಗೆ ವಿದ್ಯುತ್ ಕೊಟ್ಟು ಮೈ ಕರಗಿಸುವುದೆಂದು ಹೇಳಿಕೊಂಡ ಯಂತ್ರ ಯಾರ ನಕಲೂ ಆಗಿರಲಿಲ್ಲ. ಅಮೆರಿಕದಲ್ಲಿ ನಾಲ್ಕು ಲಕ್ಷಕ್ಕೂ ಮೇಲೆ ಮಾರಾಟವಾದ ಬಳಿಕ 1970ರಲ್ಲಿ ನ್ಯಾಯಾಲಯ ಅದನ್ನು ಅಪಾಯಕಾರಿಯೆಂದು ತಡೆಯಿತು. 2002ರಲ್ಲಿ ಹೊಟ್ಟೆಗೆ ಕಟ್ಟುವ ವಿದ್ಯುತ್ ಪಟ್ಟಿಗಳ ಮೂರು ಮಾರಾಟಗಾರರ ಮೇಲೆ ಅಲ್ಲಿನ ವಾಣಿಜ್ಯ ಆಯೋಗ ಮೊಕದ್ದಮೆ ಹೂಡಬೇಕಾಯಿತು. ನಮ್ಮಲ್ಲಿ 2017ರ ವೈದ್ಯಕೀಯ ಉಪಕರಣಗಳ ನಿಯಮಗಳು 2018ರ ಜನವರಿಯಿಂದ ಜಾರಿಗೆ ಬಂದವು. 2020ರ ಏಪ್ರಿಲಿನಿಂದ ಚಿಕಿತ್ಸೆಯ ಉಪಕರಣಗಳೆಲ್ಲ ಔಷಧ ಕಾಯಿದೆಯ ಕಣ್ಣಿನಡಿ ಬಂದವು. ಕಾಯಿದೆ ಇದೆ, ಆದರೆ ಡಬ್ಬಿಯ ಮೇಲೆ ‘ಮಸಾಜರ್’ ಎಂದು ಬರೆದು ಚಿಕಿತ್ಸೆಯ ಹೆಸರನ್ನೇ ಎತ್ತದೆ ಜಾರಿಕೊಳ್ಳುವವರಿದ್ದಾರೆ. ಅಂಗಡಿಯವನನ್ನು ಬೈದು ಫಲವಿಲ್ಲ. ಮುಚ್ಚಿದ ಪೊಟ್ಟಣ ಕೊಂಡು ಮುಚ್ಚಿದ ಪೊಟ್ಟಣ ಮಾರುವ ಅವನಿಗೂ ಒಳಗಿನ ಸಂಸಾರ ಗೊತ್ತಿಲ್ಲ.

ಹಾಗಾದರೆ ಏನು ಮಾಡುವುದೆಂದು ನೀವು ಕೇಳುತ್ತೀರಿ. ಬಿಸಾಡಬಹುದಾದ ಒಣ ಬ್ಯಾಟರಿಯಿಂದ ಮಾತ್ರ ನಡೆಯುವ, ಗೋಡೆಗೆ ಸಿಕ್ಕಿಸುವ ದಾರಿಯೇ ಇಲ್ಲದ ಡಬ್ಬಿ ಇವುಗಳಲ್ಲಿ ಎಷ್ಟೋ ಮೇಲು. ಅತಿ ಘೋರವಾದ ಅಪಾಯ ಅದರಲ್ಲಿ ಇಲ್ಲ. ಚಾರ್ಜು ಮಾಡುವ ಡಬ್ಬಿಯಾದರೆ ಮೈಗೆ ಹಚ್ಚಿಕೊಂಡಿರುವಾಗ ಚಾರ್ಜಿಗೆ ಹಾಕಲೇಬಾರದು. ತಂತಿಯನ್ನು ಮೊದಲು ಡಬ್ಬಿಗೆ ಸಿಕ್ಕಿಸಿ, ಆಮೇಲೆ ಪಟ್ಟಿ ಅಂಟಿಸಿ, ಕೊನೆಗೆ ಚಾಲೂ ಮಾಡಿ. ಹತ್ತು ನಿಮಿಷಕ್ಕೊಮ್ಮೆ ಪಟ್ಟಿ ಎತ್ತಿ ಚರ್ಮ ನೋಡಿ. ಒಂದು ಪಟ್ಟಿಯ ಕೆಳಗೆ ಮಾತ್ರ ಕೆಂಪಾಗುತ್ತಿದ್ದರೆ ಆ ಡಬ್ಬಿಯನ್ನು ಪಕ್ಕಕ್ಕಿಡಿ. ಎದೆಯ ಮೇಲೆ, ಕುತ್ತಿಗೆಯ ಮುಂಭಾಗದಲ್ಲಿ, ಜೋಮುಗಟ್ಟಿದ ಚರ್ಮದ ಮೇಲೆ, ಗಾಯದ ಮೇಲೆ ಒಳ್ಳೆಯ ಡಬ್ಬಿಯನ್ನೂ ಹಚ್ಚಬಾರದು. ಹೃದಯಕ್ಕೆ ಪೇಸ್‌ಮೇಕರು ಇಟ್ಟಿರುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಮುಂದಿನ ತಿಂಗಳ ಮೊದಲನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಯಿಂದ ವಾಚನಾಲಯದ ಹಿಂದಿನ ಕೋಣೆಯಲ್ಲಿ ನಾವು ಒಂದು ಮೇಜು, ಒಂದು ಆಸಿಲೋಸ್ಕೋಪು, ಒಂದು 500 ಓಮಿನ ರೆಸಿಸ್ಟರು ಇಟ್ಟುಕೊಂಡು ಕುಳಿತಿರುತ್ತೇವೆ. ಮನೆಯಲ್ಲಿರುವ ಡಬ್ಬಿಗಳನ್ನು ತನ್ನಿರಿ, ಅಳತೆಗೆ ಶುಲ್ಕವಿಲ್ಲ. ಡಬ್ಬಿಯ ಜೊತೆಗೆ ಅದರ ಚಾರ್ಜರು, ತಂತಿ, ಪಟ್ಟಿ ಎಲ್ಲವನ್ನೂ ತರಬೇಕು. ಚಾರ್ಜರನ್ನು ಮನೆಯಲ್ಲಿ ಬಿಟ್ಟು ಬಂದವರ ಡಬ್ಬಿಯನ್ನು ನೋಡುವುದಿಲ್ಲ.